ಹೊಸದಾಗಿ ತಂದ ಬೇಟೆಗಾರ ಮೀನನ್ನು ಉಳಿಸಿಕೊಳ್ಳೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಕರ್, ಅರೋವಾನಾ, ಫ್ಲವರ್‌ಹಾರ್ನ್, ಸ್ನೇಕ್‌ಹೆಡ್, ಬಿಚಿರ್. ಇಂಥ ಮೀನು ತಂದವರು ಕೇಳುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಊಟದ ಬಗ್ಗೆಯೇ ಇರುತ್ತವೆ. ಆದರೆ ಮೊದಲ ತಿಂಗಳಲ್ಲಿ ಸಾಯುವ ಮೀನುಗಳು ಹಸಿವಿನಿಂದ ಸಾಯುವುದು ತೀರಾ ಅಪರೂಪ. ತಿನ್ನಲಿ ಅಂತ ನಾವು ಹಾಕಿದ್ದು ಕೊಳೆತು, ನೀರು ಕೆಟ್ಟು ಸಾಯುತ್ತವೆ. ಕೆಳಗಿನ ಉತ್ತರಗಳನ್ನು ಓದುವಾಗ ಇದೊಂದು ನೆನಪಿರಲಿ.

## ತರುವ ಮುಂಚೆ

ಬೇಟೆಗಾರ ಮೀನು ಅಂದ್ರೆ ಯಾವುದೆಲ್ಲ? ಮೊದಲ ಸಲ ಸಾಕೋರಿಗೆ ಯಾವುದು ಒಳ್ಳೇದು?

ಬೇರೆ ಮೀನು, ಸಿಗಡಿ, ಹುಳ ಹಿಡಿದು ನುಂಗಿ ಬದುಕುವ ಮೀನುಗಳು. ದೊಡ್ಡ ಬಾಯಿ, ಚುರುಕು ಕಣ್ಣು, ಜಾಸ್ತಿ ಪ್ರೋಟೀನ್ ಬೇಡುವ ಹೊಟ್ಟೆ. ಪ್ರೋಟೀನ್ ತಿನ್ನುವ ಮೀನು ನೀರಿಗೆ ಬಿಡುವ ಅಮೋನಿಯಾ ಕೂಡ ಜಾಸ್ತಿ. ಗಪ್ಪಿ ಸಾಕಿದ ಅನುಭವ ಇಲ್ಲಿ ಪೂರ್ತಿ ಸಾಕಾಗದಿರುವುದು ಇದಕ್ಕೇ.

ಮೊದಲ ಸಲ ಅಂದರೆ ನನ್ನ ಸಲಹೆ ಒಂದೇ ಒಂದು ಆಸ್ಕರ್, ಇಲ್ಲವೇ ಸೆನೆಗಲ್ ಬಿಚಿರ್. ಆಸ್ಕರ್ ಬೇಗ ಪಳಗುತ್ತದೆ, ಪೆಲೆಟ್ (ಗುಳಿಗೆಯಂಥ ಒಣ ಫೀಡ್) ತಿನ್ನುತ್ತದೆ, ಹತ್ತು ವರ್ಷಕ್ಕೂ ಮೇಲೆ ಬದುಕುತ್ತದೆ. ಬಿಚಿರ್ ಆಫ್ರಿಕಾದ ಗಟ್ಟಿ ಮೀನು, ಗಾಳಿಯನ್ನೂ ಉಸಿರಾಡುತ್ತದೆ. ಅರೋವಾನಾ ಮರಿಯಿಂದ ಶುರು ಮಾಡುವುದು ಬೇಡ.

ಅಂಗಡೀಲಿ ಎರಡೇ ಇಂಚು ಇದೆ, ಎರಡು ಅಡಿ ಟ್ಯಾಂಕ್ ಸಾಕಲ್ವಾ?

ಸಾಕಾಗಲ್ಲ. ಚೆನ್ನಾಗಿ ಸಾಕಿದ ಆಸ್ಕರ್ ಮರಿ ಮೊದಲ ವರ್ಷ ತಿಂಗಳಿಗೆ ಸುಮಾರು ಒಂದು ಇಂಚು ಬೆಳೆಯುತ್ತದೆ. ಕೊನೆಗೆ ಒಂದು ಅಡಿ ಆಗುತ್ತದೆ. ಅದಕ್ಕೆ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಅಷ್ಟೇ ಎತ್ತರದ ಟ್ಯಾಂಕ್ ಬೇಕು, ಅಂದರೆ ಸುಮಾರು 250 ಲೀಟರ್. ಸಿಲ್ವರ್ ಅರೋವಾನಾ ಮೂರು ಅಡಿ ಬೆಳೆಯುವ ಮೀನು. ಅದು ಸಲೀಸಾಗಿ ತಿರುಗಬೇಕಾದರೆ ಟ್ಯಾಂಕಿನ ಅಗಲವೇ ಎರಡೂವರೆ ಮೂರು ಅಡಿ ಇರಬೇಕು. ರೆಡ್‌ಟೇಲ್ ಕ್ಯಾಟ್‌ಫಿಶ್ ನಾಲ್ಕು ಅಡಿವರೆಗೂ ಬೆಳೆಯುತ್ತದೆ. ಅದನ್ನು ಮನೆಯಲ್ಲಿ ಸಾಕುವ ಆಸೆಯನ್ನು ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ.

"ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತೆ" ಅನ್ನುವ ಮಾತು ಎಲ್ಲ ಅಂಗಡಿಗಳಲ್ಲೂ ಕೇಳಿಬರುತ್ತದೆ. ನಂಬಬೇಡಿ. ಇಕ್ಕಟ್ಟಿನಲ್ಲಿ ಕೆಟ್ಟ ನೀರು ಕುಡಿದು ಬೆಳವಣಿಗೆ ಕುಂಠಿತವಾಗುತ್ತದೆ, ಬೆನ್ನು ಬಾಗುತ್ತದೆ, ಆಯಸ್ಸು ಮುಗಿಯುವ ಮೊದಲೇ ಸಾಯುತ್ತದೆ.

ಇನ್ನೊಂದು ವಿಷಯ. ಆರು ಅಡಿ ಉದ್ದ, ಎರಡೆರಡು ಅಡಿ ಅಗಲ ಎತ್ತರದ ಟ್ಯಾಂಕಿನಲ್ಲಿ ನೀರೇ ಸುಮಾರು 680 ಕೆ.ಜಿ. ತೂಗುತ್ತದೆ. ಗಾಜು, ಸ್ಟ್ಯಾಂಡ್, ಕಲ್ಲು ಬೇರೆ. ಮೇಲಿನ ಮಹಡಿಯಾದರೆ ಗೋಡೆಯ ಪಕ್ಕ, ತೊಲೆಯ ಮೇಲೆ ಭಾರ ಬೀಳುವ ಕಡೆ ಇಡಿ. ಬಾಡಿಗೆ ಮನೆಯಾದರೆ ಮಾಲೀಕರನ್ನು ಮೊದಲೇ ಕೇಳಿಬಿಡಿ.

'ಪಿರಾನ್ಹಾ' ಅಂತ ಕೊಟ್ರು, ಪಕ್ಕದಲ್ಲಿ 'ಶಾರ್ಕ್' ಕೂಡ ಇತ್ತು. ನಿಜಾನಾ?

ನಮ್ಮ ಅಂಗಡಿಗಳಲ್ಲಿ ಪಿರಾನ್ಹಾ ಅಂತ ಸಿಗುವ ಕೆಂಪು ಹೊಟ್ಟೆಯ ಮರಿ ಸಾಮಾನ್ಯವಾಗಿ ಪಾಕು. ಮೀನು ಮಾರ್ಕೆಟ್‌ನಲ್ಲಿ ರೂಪ್‌ಚಂದ್ ಅಂತ ತಿನ್ನಲು ಮಾರುವುದು ಇದನ್ನೇ. ಹಲ್ಲು ಮನುಷ್ಯರ ದವಡೆ ಹಲ್ಲನ್ನು ಹೋಲುತ್ತದೆ. ಕಾಯಿ ಬೀಜ ಒಡೆಯುವ ಹಲ್ಲು ಅದು. ಶಾರ್ಕ್ ಅಂತ ಕೊಡುವುದು ಪಂಗಾಸಿಯಸ್. ಹೋಟೆಲ್‌ಗಳಲ್ಲಿ ಬಾಸಾ ಅಂತ ಬಡಿಸುವ ಮೀನು, ಮೂರು ಅಡಿ ದಾಟಿ ಬೆಳೆಯುತ್ತದೆ. ಗಾಬರಿಯಾದರೆ ಗಾಜಿಗೆ ಮೂತಿ ಹೊಡೆದುಕೊಳ್ಳುತ್ತದೆ. ಎರಡೂ ಮನೆಯ ಟ್ಯಾಂಕಿಗೆ ಆಗುವ ಮೀನುಗಳಲ್ಲ.

ಆರೋಗ್ಯವಾಗಿರೋ ಮೀನನ್ನ ಗುರುತಿಸೋದು ಹೇಗೆ?

ಅವಸರ ಮಾಡಬೇಡಿ, ಟ್ಯಾಂಕಿನ ಮುಂದೆ ಹತ್ತು ನಿಮಿಷ ನಿಲ್ಲಿ. ಮೊದಲು ಕಿವಿರು ನೋಡಿ. ಎರಡೂ ಕಡೆ ಸಮನಾಗಿ, ನಿಧಾನವಾಗಿ ತೆರೆದು ಮುಚ್ಚಬೇಕು. ಒಂದು ಕಡೆ ಮುಚ್ಚಿಕೊಂಡು ಇನ್ನೊಂದು ಕಡೆಯಿಂದ ಮಾತ್ರ ಉಸಿರಾಡುತ್ತಿದ್ದರೆ ಕಿವಿರಿನಲ್ಲಿ ಹುಳ ಇರಬಹುದು. ಆಮೇಲೆ ಮೇಲಿನಿಂದ ಬಗ್ಗಿ ತಲೆಯ ಹಿಂಭಾಗ ನೋಡಿ. ಅಲ್ಲಿ ಮಾಂಸ ತುಂಬಿರಬೇಕು. ತಲೆ ದೊಡ್ಡದಾಗಿ, ಬೆನ್ನು ಕತ್ತಿಯ ಅಲಗಿನಂತೆ ಚೂಪಾಗಿದ್ದರೆ ಅದು ವಾರಗಟ್ಟಲೆ ಉಪವಾಸ ಇದ್ದ ಮೀನು. ಹೊಟ್ಟೆ ಒಳಕ್ಕೆ ಹೋಗಿ ಬಿಳಿ ದಾರದಂಥ ಕಕ್ಕಸು ನೇತಾಡುತ್ತಿದ್ದರೆ ಕರುಳಿನ ಕಾಯಿಲೆ ಇರಬಹುದು.

ಕೊನೆಗೆ, "ಸ್ವಲ್ಪ ಊಟ ಹಾಕಿ ತೋರಿಸಿ" ಅಂತ ಕೇಳಿ. ಪೆಲೆಟ್ ತಿಂದರೆ ನಿಮ್ಮ ಅರ್ಧ ಕೆಲಸ ಮುಗಿಯಿತು. ಬೆಂಗಳೂರಿನ ಅಂಗಡಿಗಳಿಗೆ ಚೆನ್ನೈನ ಕೊಳತ್ತೂರಿನಿಂದ ಸಾಕಷ್ಟು ಮೀನು ಬರುತ್ತವೆ. ಲೋಡ್ ಬಂದ ದಿನವೇ ತರಬೇಡಿ. ಒಂದು ವಾರ ಅಂಗಡಿಯಲ್ಲೇ ಇರಲಿ, ಆಗಲೂ ಚುರುಕಾಗಿದ್ದರೆ ತನ್ನಿ. ಹೊಟ್ಟೆಯ ಕೆಳಗೆ ಇನ್ನೂ ಹಳದಿ ಚೀಲ (ಮೊಟ್ಟೆಯಿಂದ ಬಂದ ಆಹಾರದ ಚೀಲ) ಇರುವ ಅರೋವಾನಾ ಮರಿ ಕಡಿಮೆ ಬೆಲೆಗೆ ಸಿಕ್ಕರೂ ಬೇಡ.

ಇವತ್ತು ಟ್ಯಾಂಕ್ ತಂದು ಇವತ್ತೇ ಮೀನು ಬಿಡಬಹುದಾ?

ಬಿಡಬಾರದು. ಹೊಸ ಮೀನು ಸಾಯುವುದಕ್ಕೆ ಇದೇ ದೊಡ್ಡ ಕಾರಣ.

ಮೀನು ಕಿವಿರಿನಿಂದ ಹಗಲೂ ರಾತ್ರಿ ಅಮೋನಿಯಾ ಬಿಡುತ್ತಿರುತ್ತದೆ. ಅದು ವಿಷ. ಫಿಲ್ಟರ್‌ನ ಸ್ಪಂಜು, ಸೆರಾಮಿಕ್ ರಿಂಗ್‌ಗಳಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದರ ಅಪಾಯ ಕಡಿಮೆ, ನೀರು ಬದಲಿಸಿದರೆ ಹೋಗುತ್ತದೆ. ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಖಾಲಿ ಟ್ಯಾಂಕಿನಲ್ಲಿ ಫಿಲ್ಟರ್ ಓಡಿಸಿದರೆ ಸಾಲದು, ಅದಕ್ಕೆ ಆಹಾರ ಬೇಕು. ದಿನಾ ಒಂದು ಚಿಟಿಕೆ ಮೀನಿನ ಫೀಡ್ ಹಾಕಿ ಕೊಳೆಯಲು ಬಿಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಆಮೇಲೆ ಸೊನ್ನೆಗೆ ಇಳಿದು, ನೈಟ್ರೇಟ್ ಕಾಣಿಸಿದರೆ ಟ್ಯಾಂಕ್ ರೆಡಿ.

ಒಂದು ಅಡ್ಡದಾರಿ ಇದೆ, ಅದು ಒಳ್ಳೆಯ ದಾರಿಯೇ. ಕಾಯಿಲೆ ಇಲ್ಲದ ಟ್ಯಾಂಕ್ ಇರುವ ಸ್ನೇಹಿತರಿಂದ ಹಳೆಯ ಸ್ಪಂಜನ್ನು ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರ್‌ಗೆ ಹಾಕಿ. ವಾರಗಳ ಕೆಲಸ ದಿನಗಳಲ್ಲಿ ಆಗುತ್ತದೆ.

ನಮ್ಮದು ಬೋರ್ ನೀರು, ಕೆಲವೊಮ್ಮೆ ಟ್ಯಾಂಕರ್. ಆಗುತ್ತಾ? ಕಾವೇರಿ ನೀರೇ ಬೇಕಾ?

ಎರಡೂ ಆಗುತ್ತವೆ, ಎರಡಕ್ಕೂ ತಯಾರಿ ಬೇರೆ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಆಂಟಿ-ಕ್ಲೋರಿನ್ ದ್ರಾವಣ ಹಾಕಿ, ಇಲ್ಲವೇ ಅಗಲ ಬಾಯಿಯ ಡ್ರಮ್ಮಿನಲ್ಲಿ ಏರ್ ಪಂಪ್ ಹಾಕಿ ಒಂದು ದಿನ ಬಿಡಿ. ಬೋರ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ. ಆದರೆ ಆಗಷ್ಟೇ ಮೇಲೆತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅದನ್ನೂ ರಾತ್ರಿಯಿಡೀ ಗಾಳಿ ಆಡಿಸಿಯೇ ಬಳಸಿ. ನೀರು ಗಡಸು ಅಂತ ಆಸ್ಕರ್, ಫ್ಲವರ್‌ಹಾರ್ನ್ ಸಾಯುವುದಿಲ್ಲ, ಹೊಂದಿಕೊಳ್ಳುತ್ತವೆ. ಆದರೆ ವಾರವಾರ ನೀರಿನ ಗುಣ ಏರುಪೇರಾದರೆ ತಡೆದುಕೊಳ್ಳುವುದಿಲ್ಲ. ಟ್ಯಾಂಕರ್ ನೀರಿನ ತೊಂದರೆ ಅದೇ, ಒಂದೊಂದು ಸಲ ಒಂದೊಂದು ಕಡೆಯಿಂದ ಬರುತ್ತದೆ. ಆಗ ಒಂದೇ ಸಲ ಅರ್ಧ ಟ್ಯಾಂಕ್ ಬದಲಿಸಬೇಡಿ, ಸ್ವಲ್ಪ ಸ್ವಲ್ಪ ಬದಲಿಸಿ.

ಅಪಾರ್ಟ್‌ಮೆಂಟ್‌ನವರು ಒಂದು ವಿಷಯ ಗಮನದಲ್ಲಿಡಿ. ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ದಿನ ನೀರು ಬದಲಿಸಲೇಬೇಡಿ. ವಾಚ್‌ಮನ್‌ಗೆ ಹೇಳಿಟ್ಟಿದ್ದರೆ ಅವರೇ ತಿಳಿಸುತ್ತಾರೆ.

## ಮನೆಗೆ ತಂದ ದಿನ

ಕವರನ್ನ ಟ್ಯಾಂಕಲ್ಲಿ ಎಷ್ಟು ಹೊತ್ತು ತೇಲಿಬಿಡಬೇಕು? ಟ್ಯಾಂಕ್ ನೀರನ್ನ ಹನಿಹನಿಯಾಗಿ ಸೇರಿಸೋ ಡ್ರಿಪ್ ಮಾಡಬೇಕಾ?

ಮೀನು ಎಷ್ಟು ಹೊತ್ತು ಕವರ್‌ನಲ್ಲಿತ್ತು ಅನ್ನುವುದನ್ನು ನೋಡಿ ಹೇಳಬೇಕು. ಪಕ್ಕದ ಬೀದಿಯ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ತಂದರೆ ಕವರನ್ನು ಮುಚ್ಚಿದಂತೆಯೇ ಹದಿನೈದು ಇಪ್ಪತ್ತು ನಿಮಿಷ ತೇಲಿಸಿ. ಆಮೇಲೆ ಅರ್ಧ ಗಂಟೆಯಲ್ಲಿ ಟ್ಯಾಂಕ್ ನೀರನ್ನು ಲೋಟ ಲೋಟವಾಗಿ ಸೇರಿಸಿ.

ಬೇರೆ ಊರಿಂದ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಮೀನಿನ ಕಥೆ ಬೇರೆ. ಮುಚ್ಚಿದ ಕವರ್‌ನಲ್ಲಿ ಮೀನು ಉಸಿರಾಡಿದಂತೆಲ್ಲ ಇಂಗಾಲದ ಡೈಆಕ್ಸೈಡ್ ಸೇರಿ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಯುತ್ತದೆ. ಅಮೋನಿಯಾ ಕೂಡ ಸೇರುತ್ತದೆ. ಆದರೆ ಪಿಎಚ್ ಕಡಿಮೆ ಇರುವವರೆಗೆ ಅಮೋನಿಯಾದ ವಿಷ ಅಷ್ಟಾಗಿ ಏರುವುದಿಲ್ಲ. ಕವರ್ ಬಿಚ್ಚಿದ ಕೂಡಲೇ ಗ್ಯಾಸ್ ಹೊರಗೆ ಹೋಗಿ ಪಿಎಚ್ ಏರುತ್ತದೆ. ಪಿಎಚ್ 7 ಇದ್ದದ್ದು 8 ಆದರೆ ಅದೇ ಅಮೋನಿಯಾದಲ್ಲಿ ವಿಷದ ಪಾಲು ಸುಮಾರು ಹತ್ತು ಪಟ್ಟು ಆಗುತ್ತದೆ. ಅಂಥ ನೀರಿನಲ್ಲಿ ಮೀನನ್ನು ಇಟ್ಟುಕೊಂಡು ಎರಡು ಗಂಟೆ ಡ್ರಿಪ್ ಮಾಡಿದರೆ ಒಳ್ಳೇದು ಮಾಡಲು ಹೋಗಿ ಕೆಟ್ಟದ್ದು ಮಾಡಿದಂತೆ. ಉಷ್ಣತೆ ಸರಿಹೋಗುವವರೆಗೆ ಕವರ್ ಮುಚ್ಚಿಯೇ ಇರಲಿ. ಬಿಚ್ಚಿದ ಮೇಲೆ ಬೇಗ ಟ್ಯಾಂಕಿಗೆ ಬಿಡಿ.

ಎರಡೂ ಸಂದರ್ಭದಲ್ಲಿ ಕವರ್‌ನ ನೀರು ನಿಮ್ಮ ಟ್ಯಾಂಕಿಗೆ ಬೀಳಬಾರದು. ಬಚ್ಚಲಿಗೆ ಚೆಲ್ಲಿ.

ತಂದಾಗಿಂದ ಮೂಲೇಲಿ ಮಲಗಿದೆ, ಬಣ್ಣಾನೂ ಕಪ್ಪಾಗಿದೆ. ಸಾಯ್ತಿದೆಯಾ ಸಾರ್?

ಮೊದಲ ಒಂದೆರಡು ದಿನ ಹೆಚ್ಚಿನ ಆಸ್ಕರ್‌ಗಳು ಹೀಗೆ ಮಾಡುತ್ತವೆ. ಪಕ್ಕಕ್ಕೆ ವಾಲಿ ನೆಲದ ಮೇಲೆ ಒರಗುತ್ತವೆ, ನೀವು ಹತ್ತಿರ ಹೋದರೆ ಕಣ್ಣು ಮಾತ್ರ ತಿರುಗಿಸಿ ನೋಡುತ್ತವೆ. ಕಣ್ಣು ಹಾಗೆ ನಿಮ್ಮನ್ನೇ ಹಿಂಬಾಲಿಸುತ್ತಿದೆ, ಕಿವಿರು ನಿಧಾನವಾಗಿ ಆಡುತ್ತಿದೆ ಅಂದರೆ ಅದು ಭಯ. ಲೈಟ್ ಆರಿಸಿ, ಗಾಜಿನ ಮೂರು ಕಡೆ ಪೇಪರ್ ಅಂಟಿಸಿ, ಮಕ್ಕಳು ಗಾಜು ತಟ್ಟದಂತೆ ನೋಡಿಕೊಳ್ಳಿ. ಅಡಗಲು ಒಂದು ದಪ್ಪ ಪಿವಿಸಿ ಪೈಪಿನ ತುಂಡು ಹಾಕಿ.

ಕಿವಿರು ಜೋರಾಗಿ ಬಡಿದುಕೊಳ್ಳುತ್ತಿದ್ದರೆ, ಮೈ ಮೇಲೆ ಮಸುಕಾದ ಲೋಳೆ ಕಂಡರೆ, ತೇಲಿ ಮುಳುಗಿ ಮಾಡುತ್ತಿದ್ದರೆ ಭಯ ಅಂತ ಸುಮ್ನೆ ಕೂರಬೇಡಿ. ತಕ್ಷಣ ಅಮೋನಿಯಾ, ನೈಟ್ರೈಟ್ ಪರೀಕ್ಷೆ ಮಾಡಿ.

ಬೆಳಗ್ಗೆ ಎದ್ದು ನೋಡಿದ್ರೆ ಟ್ಯಾಂಕ್ ಖಾಲಿ, ಮೀನು ಸೋಫಾ ಕೆಳಗೆ. ಯಾಕೆ ಹಾರುತ್ತೆ?

ಹೊಸ ಜಾಗದ ಮೊದಲ ರಾತ್ರಿಗಳಲ್ಲೇ ಜಾಸ್ತಿ ಹಾರುತ್ತವೆ. ಅಮೆಜಾನ್‌ನಲ್ಲಿ ಅರೋವಾನಾ ನೀರಿನಿಂದ ಮೇಲಕ್ಕೆ ನೆಗೆದು ಕೊಂಬೆಯ ಮೇಲಿನ ಹುಳ ಹಿಡಿಯುತ್ತದೆ. ನಿಮ್ಮ ತೆಳು ಗಾಜಿನ ಮುಚ್ಚಳ ಅದಕ್ಕೆ ಲೆಕ್ಕಕ್ಕಿಲ್ಲ. ಮುಚ್ಚಳದ ಮೇಲೆ ಭಾರ ಇಡಿ, ಇಲ್ಲವೇ ಚಿಲಕ ಹಾಕಿಸಿ. ಬಿಚಿರ್ ಮತ್ತು ಸ್ನೇಕ್‌ಹೆಡ್ ಹಾರುವುದಕ್ಕಿಂತ ನುಸುಳುವುದು ಜಾಸ್ತಿ. ಫಿಲ್ಟರ್ ಪೈಪ್ ಹೋಗುವ ಸಂದಿಯೇ ಸಾಕು. ಅಲ್ಲಿ ಸ್ಪಂಜು ತುರುಕಿ. ಆದರೆ ಇವೆರಡೂ ಮೇಲೆ ಬಂದು ಗಾಳಿ ಕುಡಿಯುವ ಮೀನುಗಳು. ನೀರು ಮತ್ತು ಮುಚ್ಚಳದ ನಡುವೆ ಮೂರು ನಾಲ್ಕು ಇಂಚು ಗಾಳಿ ಇರಲೇಬೇಕು.

ಬಿದ್ದ ಮೀನು ಒದ್ದೆಯಾಗಿದ್ದರೆ, ಕಿವಿರು ಸ್ವಲ್ಪ ಆಡುತ್ತಿದ್ದರೂ ನೀರಿಗೆ ಬಿಟ್ಟು, ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ಹತ್ತಿರ ಹಿಡಿಯಿರಿ. ಸ್ನೇಕ್‌ಹೆಡ್, ಬಿಚಿರ್ ಆದರೆ ಮೈ ಒಣಗಿದಂತೆ ಕಂಡರೂ ಪ್ರಯತ್ನ ಬಿಡಬೇಡಿ.

ಮನೇಲಿ ಆಗಲೇ ಮೀನಿದೆ. ಹೊಸದನ್ನ ನೇರವಾಗಿ ಅದರ ಜೊತೆ ಬಿಡಲಾ?

ಬೇಡ. ಎರಡರಿಂದ ನಾಲ್ಕು ವಾರ ಬೇರೆ ಇಡಿ. ಅದಕ್ಕೆ ಅಲಂಕಾರ ಬೇಡ. ಬರೀ ಗಾಜಿನ ಟ್ಯಾಂಕ್ ಅಥವಾ ದೊಡ್ಡ ಪ್ಲಾಸ್ಟಿಕ್ ಟಬ್, ಬಳಸಿದ ಸ್ಪಂಜ್ ಫಿಲ್ಟರ್, ಪೈಪ್ ತುಂಡು, ಮುಚ್ಚಳ ಸಾಕು. ನೆಲ ಖಾಲಿ ಇದ್ದರೆ ಕಕ್ಕಸಿನ ಬಣ್ಣವೂ ಕಾಣುತ್ತದೆ, ತಿನ್ನದೆ ಉಗುಳಿದ ಊಟವೂ ಕಾಣುತ್ತದೆ. ಬಲೆ, ಬಕೆಟ್, ಪೈಪ್ ಆ ಟ್ಯಾಂಕಿಗೇ ಬೇರೆ ಇರಲಿ. ಕಾಯಿಲೆ ಕಾಣದಿದ್ದರೆ ಔಷಧಿಯನ್ನು ಮುನ್ನೆಚ್ಚರಿಕೆ ಅಂತ ಸುರಿಯಬೇಡಿ.

## ಊಟದ ವಿಷಯ

ನಾಲ್ಕು ದಿನ ಆಯ್ತು, ಏನೂ ತಿಂತಿಲ್ಲ. ಏನ್ ಮಾಡ್ಲಿ?

ಕಾಯಿರಿ. ಮೈ ತುಂಬಿಕೊಂಡಿರುವ ನಾಲ್ಕು ಇಂಚಿನ ಮೀನು ಒಂದು ವಾರ, ಹತ್ತು ದಿನ ತಿನ್ನದಿದ್ದರೂ ಸಾಯುವುದಿಲ್ಲ. ಕಾಡಿನ ನದಿಯಲ್ಲಿ ಅದಕ್ಕೆ ದಿನಾ ಬೇಟೆ ಸಿಗುತ್ತದೆಯೇ? ತಂದ ದಿನ ಊಟವೇ ಬೇಡ. ಎರಡನೇ ದಿನ ಸಂಜೆ, ಲೈಟ್ ಮಂದ ಮಾಡಿ, ಒಂದೇ ಒಂದು ಚಿಕ್ಕ ತುಂಡು ಸಿಗಡಿ ಹಾಕಿ ದೂರ ಹೋಗಿ. ಹದಿನೈದು ನಿಮಿಷ ಬಿಟ್ಟು ಬಂದು, ತಿನ್ನದಿದ್ದರೆ ತೆಗೆದುಬಿಡಿ. ಇದನ್ನೇ ದಿನಕ್ಕೊಂದು ಸಲ ಮಾಡಿ. "ರಾತ್ರಿ ಹಸಿವಾದರೆ ತಿನ್ನಲಿ" ಅಂತ ಬಿಟ್ಟ ತುಂಡು ಬೆಳಗ್ಗೆ ಹೊತ್ತಿಗೆ ಬಿಳಿ ಬೂಷ್ಟು ಹಿಡಿದು ನೀರಿಗೆಲ್ಲ ಅಮೋನಿಯಾ ಬಿಟ್ಟಿರುತ್ತದೆ. ಆಗ ಮೀನು ತಿನ್ನದಿರಲು ಹೊಸದೊಂದು ಕಾರಣ ಹುಟ್ಟಿತು.

ಎರಡು ಇಂಚಿಗಿಂತ ಚಿಕ್ಕ ಮರಿಗಳಿಗೆ ಇಷ್ಟು ತಾಳ್ಮೆ ಸಲ್ಲದು. ಅವು ಎರಡು ಮೂರು ದಿನದಲ್ಲಿ ತಿನ್ನಲು ಶುರು ಮಾಡಬೇಕು. ಫ್ರೋಜನ್ ಬ್ಲಡ್‌ವರ್ಮ್‌ನಿಂದ (ಸಣ್ಣ ಕೆಂಪು ಹುಳ) ಪ್ರಯತ್ನಿಸಿ.

ಬೇಟೆಗಾರ ಮೀನು ಅಂದ್ಮೇಲೆ ಜೀವಂತ ಮೀನು ಹಾಕ್ಲೇಬೇಕಲ್ವಾ?

ಹಾಕಲೇಬೇಕು ಅಂತಿಲ್ಲ, ಹಾಕಬೇಡಿ ಅಂತ ಒತ್ತಿ ಹೇಳುತ್ತೇನೆ. ಅಂಗಡಿಯಲ್ಲಿ ಊಟಕ್ಕೆ ಅಂತ ಮಾರುವ ಸಣ್ಣ ಮೀನುಗಳು ಒಂದೇ ಟಬ್‌ನಲ್ಲಿ ನೂರಾರು ಇರುತ್ತವೆ, ಅವುಗಳ ಆರೈಕೆಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಳಿ ಚುಕ್ಕೆ, ಆಂಕರ್ ವರ್ಮ್, ಮೀನಿನ ಹೇನು, ಕರುಳಿನ ಹುಳ ಎಲ್ಲ ಅವುಗಳ ಜೊತೆ ಉಚಿತವಾಗಿ ಬರುತ್ತವೆ. ಗೋಲ್ಡ್‌ಫಿಶ್ ಮಾಂಸದಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ. ಅದು ಬಿ1 ವಿಟಮಿನ್ ನಾಶ ಮಾಡುತ್ತದೆ. ಬರೀ ಗೋಲ್ಡ್‌ಫಿಶ್ ತಿಂದು ಬೆಳೆದ ಮೀನು ನರಗಳ ಶಕ್ತಿ ಕಳೆದುಕೊಂಡು ಸುತ್ತು ಹೊಡೆಯುತ್ತದೆ.

ಬೇರೆ ಏನನ್ನೂ ಮುಟ್ಟದ ಮೀನಿಗೆ ಜೀವಂತ ಊಟ ಕೊಡಲೇಬೇಕಾಗಿ ಬಂದರೆ ಮನೆಯಲ್ಲೇ ಗಪ್ಪಿ ಸಾಕಿ ಕೊಡಿ. ಅದೂ ಪೆಲೆಟ್ ಕಲಿಯುವವರೆಗೆ ಮಾತ್ರ.

ಪೆಲೆಟ್ ಬಾಯಿಗೆ ಹಾಕ್ಕೊಂಡು ಉಗುಳುತ್ತೆ. ಹೇಗೆ ಕಲಿಸೋದು?

ಬಾಯಿಗೆ ಹಾಕಿಕೊಂಡಿದೆ ಅಂದರೆ ಒಳ್ಳೆಯ ಸುದ್ದಿ. ರುಚಿ, ಗಟ್ಟಿತನ ಒಗ್ಗಿಲ್ಲ ಅಷ್ಟೇ. ಚಲಿಸುವುದನ್ನು ಮಾತ್ರ ಹಿಡಿಯುವ ಮೀನಿಗೆ ಮೊದಲು ಸತ್ತ ಊಟವನ್ನು ಚಲಿಸುವಂತೆ ಮಾಡಬೇಕು. ಸಿಪ್ಪೆ ಸುಲಿದ ಸಿಗಡಿ ತುಂಡನ್ನು ಉದ್ದ ಇಕ್ಕಳದಲ್ಲಿ ಹಿಡಿದು ನೀರಿನಲ್ಲಿ ಸಣ್ಣಗೆ ಅಲುಗಿಸಿ, ಅಥವಾ ಫಿಲ್ಟರ್‌ನ ನೀರು ಬೀಳುವ ಕಡೆ ಬಿಡಿ. ಅದನ್ನು ಧೈರ್ಯವಾಗಿ ಕಿತ್ತುಕೊಳ್ಳಲು ಶುರು ಮಾಡಿದ ಮೇಲೆ ಸಿಗಡಿಯ ಹೊಟ್ಟೆ ಸೀಳಿ ಒಂದು ಪೆಲೆಟ್ ಒಳಗೆ ತುರುಕಿ. ಆಮೇಲೆ ಸಿಗಡಿ ಕಮ್ಮಿ, ಪೆಲೆಟ್ ಜಾಸ್ತಿ. ಪೆಲೆಟನ್ನು ಸಿಗಡಿ ತೊಳೆದ ನೀರಿನಲ್ಲಿ ಎರಡು ನಿಮಿಷ ನೆನೆಸಿದರೆ ಮೆತ್ತಗಾಗುತ್ತದೆ, ವಾಸನೆಯೂ ಹಿಡಿಯುತ್ತದೆ.

ಒಂದು ಹೆಜ್ಜೆಯಿಂದ ಇನ್ನೊಂದಕ್ಕೆ ಹೋಗುವಾಗ ಎರಡು ಮೂರು ದಿನ ಉಪವಾಸ ಹಾಕಿ. ಮನೆಯವರೆಲ್ಲ ಇದಕ್ಕೆ ಒಪ್ಪಬೇಕು. "ಪಾಪ" ಅಂತ ಅಜ್ಜಿ ಮಧ್ಯದಲ್ಲಿ ಬ್ಲಡ್‌ವರ್ಮ್ ಹಾಕಿದರೆ ಮತ್ತೆ ಮೊದಲಿಂದ ಶುರು.

ಚಿಕನ್, ಲಿವರ್, ಎರೆಹುಳು, ಜಿರಳೆ ಕೊಡಬಹುದಾ?

ಚಿಕನ್, ಮಟನ್, ಲಿವರ್ ಬೇಡ. ಆ ಕೊಬ್ಬು ಮೀನಿನ ತಣ್ಣನೆ ಮೈಯಲ್ಲಿ ಸರಿಯಾಗಿ ಕರಗುವುದಿಲ್ಲ, ಯಕೃತ್ತಿನ ಸುತ್ತ ಕೂರುತ್ತದೆ. ಎರೆಹುಳು ಬಹಳ ಒಳ್ಳೆಯ ಊಟ. ಗೊಬ್ಬರ, ಕೀಟನಾಶಕ ಹಾಕದ ತೋಟದ್ದಾಗಿರಬೇಕು. ಎರೆಗೊಬ್ಬರದ ತೊಟ್ಟಿಯಲ್ಲಿ ಸಾಕುವ ಕೆಂಪು ಹುಳವನ್ನು ಹೆಚ್ಚಿನ ಮೀನುಗಳು ಉಗುಳುತ್ತವೆ. ಮುಟ್ಟಿದರೆ ಹಳದಿ ರಸ ಬಿಡುವ ಜಾತಿ ಅದು. ಮನೆಯ ಜಿರಳೆ ಯಾವ ಸ್ಪ್ರೇ ಕುಡಿದಿದೆಯೋ ಗೊತ್ತಿರಲ್ಲ, ಬೇಡವೇ ಬೇಡ. ಬೂತಾಯಿಯಂಥ ಎಣ್ಣೆ ಮೀನು ನೀರಿನ ಮೇಲೆ ಪದರ ಕಟ್ಟುತ್ತದೆ. ಸಿಗಡಿ, ತಿಲಾಪಿಯಾದ ಬಿಳಿ ಮಾಂಸ ವಾಸಿ. ಇವೆಲ್ಲ ವಾರಕ್ಕೊಂದೆರಡು ಸಲ, ದಿನದ ಊಟ ಪೆಲೆಟ್ಟೇ ಇರಲಿ.

ದಿನಕ್ಕೆ ಎಷ್ಟು ಸಲ ಹಾಕಬೇಕು? ಯಾವಾಗಲೂ ಬೇಡ್ತಾನೇ ಇರುತ್ತೆ.

ಮರಿಗೆ ದಿನಕ್ಕೆ ಎರಡು ಸಲ, ಸ್ವಲ್ಪ ಸ್ವಲ್ಪ. ಅರ್ಧ ಅಡಿ ದಾಟಿದ ಮೇಲೆ ದಿನಕ್ಕೊಂದು ಸಲ. ಪೂರ್ತಿ ಬೆಳೆದ ಮೀನಿಗೆ ದಿನ ಬಿಟ್ಟು ದಿನ ಸಾಕು. ಊಟ ಆದ ಮೇಲೆ ಹೊಟ್ಟೆ ಸ್ವಲ್ಪ ಉಬ್ಬಿರಬೇಕು, ಮಾರನೇ ದಿನ ಇಳಿದಿರಬೇಕು. ಇಳಿಯದಿದ್ದರೆ ಊಟ ನಿಲ್ಲಿಸಿ. ಬೇಡುವುದು ಆಸ್ಕರ್‌ನ ಸ್ವಭಾವ, ಹಸಿವಿನ ಲೆಕ್ಕಕ್ಕೆ ಅದನ್ನು ತೆಗೆದುಕೊಳ್ಳಬೇಡಿ.

## ನೀರು ಮತ್ತು ಕಾಯಿಲೆ

ನೀರು ಕನ್ನಡಿ ಹಾಗಿದೆ, ಆದ್ರೂ ಮೀನು ಮೇಲೆ ಬಂದು ಬಾಯಿ ಬಡಿಯುತ್ತೆ. ಯಾಕೆ?

ಅಮೋನಿಯಾ, ನೈಟ್ರೈಟ್ ಕಣ್ಣಿಗೆ ಕಾಣುವುದಿಲ್ಲ. ನೀರು ಎಷ್ಟು ತಿಳಿಯಾಗಿದೆ ಅನ್ನುವುದರಿಂದ ಏನೂ ಗೊತ್ತಾಗದು. ಹನಿ ಹಾಕಿ ಬಣ್ಣ ನೋಡುವ ಲಿಕ್ವಿಡ್ ಟೆಸ್ಟ್ ಕಿಟ್ ತನ್ನಿ. ಅರೋವಾನಾಗೆ ಸಾವಿರಾರು ರೂಪಾಯಿ ಕೊಟ್ಟವರು ಇದಕ್ಕೆ ಹಿಂದೆ ಮುಂದೆ ನೋಡುವುದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ಒಳಗೆ ಇರಬೇಕು.

ಅಮೋನಿಯಾ ಅಥವಾ ನೈಟ್ರೈಟ್ ಕಂಡರೆ ಊಟ ನಿಲ್ಲಿಸಿ, ಅರ್ಧ ನೀರು ಬದಲಿಸಿ, ಮಾರನೇ ದಿನ ಮತ್ತೆ ಪರೀಕ್ಷಿಸಿ. ನೈಟ್ರೈಟ್ ಇದ್ದಾಗ ಸ್ವಲ್ಪ ಕಲ್ಲುಪ್ಪು ಹಾಕಿದರೆ ನೈಟ್ರೈಟ್ ಕಿವಿರಿನ ಮೂಲಕ ರಕ್ತ ಸೇರುವುದು ಕಡಿಮೆಯಾಗುತ್ತದೆ. ಎರಡೂ ಸೊನ್ನೆ ಇದ್ದರೆ ಆಮ್ಲಜನಕದ ಕೊರತೆ ಇರಬಹುದು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಹಿಡಿಯುತ್ತದೆ. ಕಲಬುರಗಿ, ಬಳ್ಳಾರಿ ಕಡೆಯವರು ಏಪ್ರಿಲ್, ಮೇ ತಿಂಗಳಲ್ಲಿ ಒಂದು ಏರ್ ಪಂಪ್ ಜಾಸ್ತಿ ಹಾಕಿ, ಊಟ ಸ್ವಲ್ಪ ಕಮ್ಮಿ ಮಾಡಿ.

ವಾರಕ್ಕೆ ಎಷ್ಟು ನೀರು ಬದಲಿಸಬೇಕು? ಫಿಲ್ಟರ್ ಪೂರ್ತಿ ತೊಳೀಬೇಕಾ?

ವಾರಕ್ಕೆ ಮೂರನೇ ಒಂದು ಭಾಗ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ಹಳೇ ನೀರಿನ ಬಕೆಟ್‌ನಲ್ಲಿ ಅದ್ದಿ ಹಿಂಡಿ. ನೀರು ಬದಲಿಸಿದ ದಿನವೇ ಸ್ಪಂಜು ತೊಳೆಯುವುದೂ ಬೇಡ.

ಕರೆಂಟ್ ಐದಾರು ಗಂಟೆ ಹೋದ್ರೆ ಏನ್ ಗತಿ?

ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಕರೆಂಟ್ ಇಲ್ಲದಾಗ ಊಟ ಹಾಕಬೇಡಿ. ಯುಪಿಎಸ್ ಇದ್ದರೆ ಹೀಟರ್ ಬಿಟ್ಟು ಏರ್ ಪಂಪ್ ಮಾತ್ರ ಅದಕ್ಕೆ ಜೋಡಿಸಿ. ಟ್ಯಾಂಕಿನ ಹೊರಗೆ ಇಡುವ ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರ್ ತುಂಬ ಹೊತ್ತು ನಿಂತಿದ್ದರೆ ಒಳಗಿನ ನೀರು ಕೊಳೆತಿರುತ್ತದೆ. ಕರೆಂಟ್ ಬಂದ ಕೂಡಲೇ ಅದನ್ನು ಟ್ಯಾಂಕಿಗೆ ಓಡಿಸಬೇಡಿ, ಒಳಗಿನ ನೀರು ಚೆಲ್ಲಿ ಆಮೇಲೆ ಶುರು ಮಾಡಿ.

ಮೈಮೇಲೆಲ್ಲ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ. ಯಾವ ಔಷಧಿ?

ಇದು ಇಚ್, ಒಂದು ಪರಜೀವಿ. ಸಾಗಿಸುವಾಗ ಬಳಲಿದ ಮೀನಿಗೆ ಮೊದಲ ವಾರದಲ್ಲೇ ಬರುತ್ತದೆ. ಡಿಸೆಂಬರ್, ಜನವರಿಯ ಬೆಂಗಳೂರಿನ ಚಳಿಯಲ್ಲಿ ಹೀಟರ್ ಇಲ್ಲದ ಟ್ಯಾಂಕುಗಳಲ್ಲಿ ಇನ್ನೂ ಜಾಸ್ತಿ. ಚರ್ಮದೊಳಗೆ ಇರುವಾಗ ಇದನ್ನು ಯಾವ ಔಷಧಿಯೂ ಮುಟ್ಟುವುದಿಲ್ಲ. ಉದುರಿ, ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಉಷ್ಣತೆ ಏರಿಸಿದರೆ ಈ ಸುತ್ತು ಬೇಗ ಮುಗಿಯುತ್ತದೆ.

ಎರಡು ದಿನದಲ್ಲಿ ನಿಧಾನವಾಗಿ 30 ಡಿಗ್ರಿಗೆ ತನ್ನಿ, ಏರ್ ಪಂಪ್ ಜೋರು ಮಾಡಿ. ಅಯೋಡಿನ್ ಇಲ್ಲದ ಕಲ್ಲುಪ್ಪನ್ನು ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ, ಒಂದು ದಿನದಲ್ಲಿ ಮೂರು ಕಂತಾಗಿ ಕರಗಿಸಿ ಹಾಕಿ. ಕ್ಯಾಟ್‌ಫಿಶ್ ಆದರೆ 1 ಗ್ರಾಂಗೆ ನಿಲ್ಲಿಸಿ. ಚುಕ್ಕೆ ಮಾಯವಾದ ದಿನವೇ ನಿಲ್ಲಿಸುವವರಿಗೆ ಅದು ವಾಪಸ್ ಬರುತ್ತದೆ. ಎರಡು ವಾರ ಪೂರ್ತಿ ಮುಂದುವರಿಸಿ. ಮಲಾಕೈಟ್ ಗ್ರೀನ್ ಇರುವ ಔಷಧಿ ಬಳಸಿದರೆ ಗ್ಲೌಸ್ ಹಾಕಿಕೊಳ್ಳಿ. ಹುರುಪೆ ಇಲ್ಲದ ಮೀನುಗಳಿಗೆ ಅರ್ಧ ಪ್ರಮಾಣ ಸಾಕು.

ಆಸ್ಕರ್ ತಲೆ ಮೇಲೆ ಸಣ್ಣ ಸಣ್ಣ ತೂತು ಬೀಳ್ತಿದೆ.

ಹೋಲ್ ಇನ್ ದ ಹೆಡ್ ಅಂತ ಇದರ ಹೆಸರು. ತಿಂಗಳುಗಟ್ಟಲೆ ನೈಟ್ರೇಟ್ ಜಾಸ್ತಿ ಇದ್ದ ನೀರು, ಒಂದೇ ಬಗೆಯ ಊಟ, ಕರುಳಿನ ಪರಜೀವಿ, ಇವು ಕೂಡಿ ಬರುತ್ತದೆ. ಔಷಧಿಗಿಂತ ಮೊದಲು ನೀರನ್ನು ವಾರಕ್ಕೆ ಎರಡು ಸಲ ಬದಲಿಸಿ, ವಿಟಮಿನ್ ಇರುವ ಒಳ್ಳೆಯ ಪೆಲೆಟ್‌ಗೆ ಬನ್ನಿ. ಜೊತೆಗೆ ಬಿಳಿ ಕಕ್ಕಸು ಇದ್ದರೆ ಪರಜೀವಿ ಕೊಲ್ಲುವ ಮೆಟ್ರೊನಿಡಜೋಲ್ ಔಷಧಿ ಬೇಕಾಗಬಹುದು. ಪ್ರಮಾಣವನ್ನು ಮೀನು ಬಲ್ಲ ಪಶುವೈದ್ಯರನ್ನು ಕೇಳಿಯೇ ಕೊಡಿ. ಬೇಗ ಹಿಡಿದರೆ ತೂತು ಮುಚ್ಚುತ್ತದೆ, ಆಳವಾದರೆ ಕಲೆ ಉಳಿಯುತ್ತದೆ.

## ಸ್ವಲ್ಪ ಮುಂದಕ್ಕೆ ಹೋದವರಿಗೆ

ಜೊತೆಗೆ ಯಾವ ಮೀನು ಬಿಡಬಹುದು? ಗಾಜಿಗೆ ಅಂಟಿ ಪಾಚಿ ತಿನ್ನೋ ಸಕ್ಕರ್ ಮೀನು ಇದ್ರೆ ಕ್ಲೀನ್ ಆಗುತ್ತಲ್ಲ?

ಬಾಯಿಗೆ ಹಿಡಿಯುವುದೆಲ್ಲ ಊಟ. ಹಿಡಿಯದೇ ಇರುವಷ್ಟು ದೊಡ್ಡದು, ಜಗಳಗಂಟ ಅಲ್ಲದ್ದು ಬೇಕು. ಆಸ್ಕರ್ ಜೊತೆ ಸಿಲ್ವರ್ ಡಾಲರ್ ಗುಂಪು, ಸೆವೆರಮ್ ಹೊಂದುತ್ತವೆ. ಫ್ಲವರ್‌ಹಾರ್ನ್ ಒಂಟಿಯಾಗಿಯೇ ಇರಲಿ. ಮುಳ್ಳಿರುವ ಸಣ್ಣ ಕ್ಯಾಟ್‌ಫಿಶ್ ಬೇಡ. ನುಂಗುವಾಗ ಮುಳ್ಳು ಗಂಟಲಲ್ಲಿ ಸಿಕ್ಕಿ ಎರಡೂ ಸಾಯುತ್ತವೆ. ಸಕ್ಕರ್ ದೊಡ್ಡದಾದ ಮೇಲೆ ಕೆಲವೊಮ್ಮೆ ರಾತ್ರಿ ಅರೋವಾನಾದ ಮೈಗೆ ಅಂಟಿ ಲೋಳೆ ಕೆರೆಯುತ್ತದೆ. ಬೆಳಗ್ಗೆ ಪಕ್ಕೆಯಲ್ಲಿ ಕೆಂಪು ಗೀರು ಕಂಡರೆ ಅದರ ಮೇಲೆ ಅನುಮಾನ ಪಡಿ. ಕ್ಲೀನ್ ಮಾಡುವ ಕೆಲಸ ನಿಮ್ಮದೇ.

ಕುಳ್ಳ ಸ್ನೇಕ್‌ಹೆಡ್ ತಂದಿದ್ದೀನಿ. ಅದಕ್ಕೂ 28 ಡಿಗ್ರಿ ಹೀಟರ್ ಬೇಕಾ?

ಯಾವ ಜಾತಿ ಅನ್ನುವುದನ್ನು ಮೊದಲು ಖಚಿತ ಮಾಡಿಕೊಳ್ಳಿ. ಚನ್ನಾ ಆಂಡ್ರಾವೊ, ಚನ್ನಾ ಬ್ಲೆಹೆರಿ ಬಂಗಾಳದ ಉತ್ತರ ಭಾಗ, ಅಸ್ಸಾಂ ಕಡೆಯವು. ಅಲ್ಲಿ ಚಳಿಗಾಲದಲ್ಲಿ ನೀರು ಚೆನ್ನಾಗಿ ತಣ್ಣಗಾಗುತ್ತದೆ. ವರ್ಷವಿಡೀ ಬೆಚ್ಚಗೆ ಇಟ್ಟರೆ ಇವು ಸೊರಗಿ ಬೇಗ ಸಾಯುತ್ತವೆ. ಬೆಂಗಳೂರಿನ ಚಳಿಗಾಲ ಇವುಗಳಿಗೆ ಹೇಳಿ ಮಾಡಿಸಿದ್ದು. ಹೀಟರ್ ತೆಗೆದು, ಊಟ ಕಮ್ಮಿ ಮಾಡಿ, ತೇಲುವ ಗಿಡ ಹಾಕಿ ಎರಡು ತಿಂಗಳು ಬಿಡಿ. ನಮ್ಮ ಹಳ್ಳ ತೊರೆಗಳಲ್ಲೇ ಇರುವ ಚನ್ನಾ ಗಾಚುವಾ ಕೂಡ ಹೀಟರ್ ಇಲ್ಲದೆ ಇರುತ್ತದೆ. ಇದರ ಗಂಡು ಮೊಟ್ಟೆ ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ. ಗಂಟಲು ಉಬ್ಬಿಸಿಕೊಂಡು ಊಟ ಬಿಟ್ಟಿದ್ದರೆ ಕಾಯಿಲೆ ಅಂತ ಔಷಧಿ ಹಾಕಬೇಡಿ.

ಅಮೆಜಾನ್‌ನ ಆಸ್ಕರ್, ಅರೋವಾನಾಗಳಿಗೆ ಮಾತ್ರ ಚಳಿಗಾಲದಲ್ಲಿ ಹೀಟರ್ ಬೇಕೇ ಬೇಕು. ಲೀಟರಿಗೆ ಒಂದು ವಾಟ್ ಲೆಕ್ಕ. ದೊಡ್ಡ ಮೀನು ಹೀಟರನ್ನು ಒಡೆಯದಂತೆ ಅದಕ್ಕೆ ಗಾರ್ಡ್ ಹಾಕಿ.

ಮೀನು ತುಂಬ ದೊಡ್ಡದಾಯ್ತು, ಸಾಕೋಕೆ ಆಗ್ತಿಲ್ಲ. ಊರ ಕೆರೆಗೆ ಬಿಟ್ರೆ ಪುಣ್ಯ ಬರುತ್ತಲ್ವಾ?

ದಯವಿಟ್ಟು ಬಿಡಬೇಡಿ. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಮೆರಿಕದ ಆಲಿಗೇಟರ್ ಗಾರ್ ಸಿಕ್ಕಿತು. ಅದು ಅಲ್ಲಿಗೆ ತಾನಾಗಿ ಈಜಿ ಬಂದ ಮೀನಲ್ಲ. ಟ್ಯಾಂಕುಗಳಿಂದ ಹೊರಬಿದ್ದ ಸಕ್ಕರ್ ಮೀನು ಈಗ ದೇಶದ ಎಷ್ಟೋ ಕೆರೆ ನದಿಗಳಲ್ಲಿ ಬಲೆ ಹರಿಯುತ್ತಿದೆ. ಒಂದು ಬೇಟೆಗಾರ ಮೀನು ಕೆರೆಯ ಸಣ್ಣ ಮೀನುಗಳ ಮೇಲೆ ಬಿದ್ದರೆ ಅವನ್ನೇ ನಂಬಿದ ಮೀನುಗಾರರ ಹೊಟ್ಟೆಗೂ ಹೊಡೆತ. ಮೀನು ತಂದ ಅಂಗಡಿಗೇ ವಾಪಸ್ ಕೊಡಿ, ದುಡ್ಡು ಕೇಳಬೇಡಿ. ದೊಡ್ಡ ಟ್ಯಾಂಕ್ ಇರುವ ಹವ್ಯಾಸಿಗಳನ್ನು ಹುಡುಕಿ. ನಾಲ್ಕು ಅಡಿ ಆಗುವ ಮೀನು ಬೇಡ ಅಂತ ಮೊದಲೇ ಹೇಳಿದ್ದು ಇದಕ್ಕೇ, ಅಂಥದ್ದನ್ನು ಆಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ.

ಏಷ್ಯನ್ ಅರೋವಾನಾಗೆ ಕಾಗದ ಪತ್ರ ಬೇಕಂತೆ. ಹೌದಾ?

ಹೌದು. ಏಷ್ಯನ್ ಅರೋವಾನಾ ಅಳಿವಿನಂಚಿನ ಜೀವಿಗಳ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಸೈಟಿಸ್ ಪಟ್ಟಿಯ ಜೀವಿಗಳು ಈಗ ಅದರ ನಾಲ್ಕನೇ ಅನುಸೂಚಿಯಲ್ಲಿವೆ. ಅಂಥ ಜೀವಿಯನ್ನು ಇಟ್ಟುಕೊಂಡವರು ಸರ್ಕಾರದ ಪರಿವೇಶ್ ಪೋರ್ಟಲ್ ಮೂಲಕ ನೋಂದಣಿ ಮಾಡಿಸಬೇಕು. ಇದರ ನಿಯಮಗಳು 2024ರಲ್ಲಿ ಬಂದಿವೆ. ಕೈ ಬದಲಾದರೆ, ಮರಿ ಹಾಕಿದರೆ, ಸತ್ತರೆ ಅದನ್ನೂ ತಿಳಿಸಬೇಕು. ಅಮೆಜಾನ್‌ನ ಅರಪೈಮಾ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿರುವುದರಿಂದ ಅದಕ್ಕೂ ಇದೇ ನಿಯಮ. ಸಿಲ್ವರ್ ಅರೋವಾನಾ ಈ ಪಟ್ಟಿಗಳಲ್ಲಿಲ್ಲ.

ನೋಂದಾಯಿತ ಫಾರಂಗಳಿಂದ ಬರುವ ಏಷ್ಯನ್ ಅರೋವಾನಾಗೆ ಮೈಯೊಳಗೆ ಮೈಕ್ರೋಚಿಪ್, ಜೊತೆಗೆ ಪ್ರಮಾಣಪತ್ರ ಇರುತ್ತದೆ. ಮುಂಗಡ ಕೊಡುವ ಮುಂಚೆ ರೀಡರ್ ಹಿಡಿದು ಚಿಪ್ ನಂಬರ್ ಓದಿಸಿ, ಪತ್ರದಲ್ಲಿರುವ ನಂಬರ್ ಜೊತೆ ತಾಳೆ ನೋಡಿ. ಬಿಲ್ ಕೂಡ ಕೇಳಿ ಪಡೆಯಿರಿ. "ಕಾಗದ ಆಮೇಲೆ ಕಳಿಸ್ತೀವಿ" ಅಂದರೆ ಮೀನನ್ನು ಅಲ್ಲೇ ಬಿಟ್ಟು ಬನ್ನಿ.